ಚೆಂಡು ಆಟದಲ್ಲಿದೆ

ಅವೆಲಿನೋನ ಬಾಯಿ ದೊಡ್ಡದು ಎಂದು ನಮ್ಮ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದು ನಮ್ಮ ಮನೆಗಳನ್ನೇ ನುಂಗುತ್ತದೆ ಎಂದು ಮಾತ್ರ ಯಾರೂ ಎಣಿಸಿರಲಿಲ್ಲ.

ಗಾಲ್ಫ್ ಕ್ಲಬ್ಬಿನ ಬೇಲಿಗೂ ಹಿಂದಿನ ಕೊರಕಲಿಗೂ ನಡುವೆ ಒಂದು ಪಟ್ಟಿ ಜಾಗ, ಅದೇ ನಮ್ಮ ಓಣಿ. ಗಂಡಸರೆಲ್ಲ ಕ್ಯಾಡಿಗಳು. ಸಾಹುಕಾರರ ಕೋಲುಗಳ ಚೀಲ ಹೊತ್ತು ಅವರ ಹಿಂದೆ ನಡೆಯುವ ಕೆಲಸ. ಹೆಂಗಸರು ನಾವು ಗೇಟಿನ ಹತ್ತಿರ ಮಾಂಸ ತುಂಬಿದ ಕಡುಬಿನಂಥ ಎಂಪನಾಡ ಕರಿದು ಮಾರುತ್ತಿದ್ದೆವು. ಇಲ್ಲಿ ಮನೆ ಕಟ್ಟಿಕೊಳ್ಳಿ ಎಂದು ಹಿಂದೆ ಕ್ಲಬ್ಬಿನ ಅಧ್ಯಕ್ಷನೊಬ್ಬ ಬಾಯಿಮಾತಿನಲ್ಲಿ ಹೇಳಿದ್ದ. ಕಾಗದ ಕೊಡುವ ಮೊದಲೇ ಸತ್ತ, ಪುಣ್ಯಾತ್ಮ.

ಅವೆಲಿನೋನ ಹೆಂಡತಿ ನೂಬಿಯಾಳ ಮನೆ ಓಣಿಗೇ ಚೆಂದ. ಕ್ಲಬ್ಬಿನವರು ಬಚ್ಚಲು ಒಡೆದು ಹೊಸದು ಮಾಡಿದಾಗಲೆಲ್ಲ ಎಸೆದ ನೀಲಿ ಹಂಚಿನ ಬಿಲ್ಲೆಗಳನ್ನು ಏಪ್ರನ್ನಿನಲ್ಲಿ ಕಟ್ಟಿಕೊಂಡು ತಂದು, ಅಡುಗೆಮನೆಯ ನೆಲಕ್ಕೆ ತಾನೇ ಕೂರಿಸಿದ್ದಳು. ವಾರಕ್ಕೊಮ್ಮೆ ಮೊಣಕಾಲೂರಿ ಉಜ್ಜುತ್ತಿದ್ದಳು. ಆ ನೆಲ ತನ್ನ ಹೆಸರಿಗಾಗಬೇಕು, ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಕ್ಲಬ್ ದಿವಾಳಿಯಾಗಿ ಮುಚ್ಚಿತು. ಹುಲ್ಲು ಸೊಂಟದೆತ್ತರ ಬೆಳೆಯಿತು. ಆ ಮೈದಾನವನ್ನು ಜನರಿಗೆ ಉದ್ಯಾನ ಮಾಡಲು ನಗರಸಭೆ ತೆಗೆದುಕೊಳ್ಳುತ್ತದೆ ಎಂದು ಸುದ್ದಿ ಬಂದಾಗ ನಾವು ಬೀದಿಯಲ್ಲಿ ಕುಣಿದೆವು, ಕುಡಿದೆವು. ನಗರಸಭೆಗೆ ಸೇರುವುದು ಆಟದ ಮೈದಾನ ಮಾತ್ರ, ಹೊರಗಡೆ ಬಹಳ ಕಾಲದಿಂದ ವಾಸವಿರುವವರಿಗೆ ಹಕ್ಕುಪತ್ರ ಸಿಗುತ್ತದೆ ಎಂದಿತ್ತು ಕಾನೂನು. ನಾವು ಬೇಲಿಯ ಹೊರಗಿದ್ದೇವಲ್ಲ, ಇನ್ನೇನು!

ಆದರೆ ನಗರಸಭೆಗೆ ಕಾರು ನಿಲ್ಲಿಸಲು ಜಾಗ ಬೇಕಿತ್ತು. ನಮ್ಮ ಪಟ್ಟಿಯ ಮೇಲೆ ಕಣ್ಣು ಬಿತ್ತು. ಹಕ್ಕುಪತ್ರದ ಮಾತು ಕೋರ್ಟಿಗೆ ಹೋಯಿತು.

ಯಾಮಿಲೆ ಎಂಬ ವಕೀಲಮ್ಮನನ್ನು ಕಳಿಸಿದರು. ಅವಳು ಚೀಸ್ ಬನ್ನು ತಂದು, ಬೇರೆಲ್ಲ ಬಿಟ್ಟು ಅವೆಲಿನೋನ ಮನೆಯ ಮುಂದೆಯೇ ಕೂತು, ಸಾಹುಕಾರರಿಗೆ ಹಚ್ಚುವ ಹಾಗೆ ಅವನ ಹೆಸರಿಗೂ 'ದೋನ್' ಹಚ್ಚಿದಳು.

"ದೋನ್ ಅವೆಲಿನೋ, ಈ ಆಟದ ಬಗ್ಗೆ ನಿಮ್ಮಷ್ಟು ತಿಳಿದೋರು ಊರಲ್ಲೇ ಇಲ್ವಂತೆ?"

"ಊರಲ್ಲೇನಮ್ಮ, ಜಿಲ್ಲೆಲೇ ಇಲ್ಲ!"

ಅವಳು ಹೋದ ಮೇಲೆ ನೂಬಿಯಾ ಬನ್ನಿನ ಪೊಟ್ಟಣವನ್ನು ನಾಯಿಗೆ ಎಸೆದಳು. "ಆ ಹುಡುಗಿ ಸುಮ್ನೆ ತಿಂಡಿ ತರೋಳಲ್ಲ. ವಿಚಾರಣೇಲಿ ಬಾಯಿ ಮುಚ್ಕೊಂಡಿರು."

"ನಿಂಗೆ ಗಂಡನ್ನ ಯಾರಾದ್ರೂ ಹೊಗಳಿದ್ರೆ ಹೊಟ್ಟೆ ಉರಿ."

"ನಂಗೆ ಉರಿಯೋದು ನಿನ್ನ ಬಾಯಿ ಕಂಡು."

ವಿಚಾರಣೆಯ ದಿನ ಅವೆಲಿನೋ ಕ್ಲಬ್ಬಿನ ಹಳೇ ಟೋಪಿ ಹಾಕಿಕೊಂಡು, ಮೀಸೆಗೆ ಎಣ್ಣೆ ಸವರಿಕೊಂಡು ಬಂದ. ಓಣಿಯವರೆಲ್ಲ ಹಿಂದಿನ ಬೆಂಚುಗಳಲ್ಲಿ ಕೂತಿದ್ದೆವು.

ವಕೀಲಮ್ಮ ಮೆಲ್ಲಗೆ ಕೇಳಿದಳು. "ಹೊಡೆದ ಚೆಂಡು ನಿಮ್ಮ ಓಣಿಗೆ ಬಿದ್ರೆ ಏನು ಮಾಡ್ತಿದ್ರಿ, ದೋನ್ ಅವೆಲಿನೋ?"

"ಬೇರೆ ಕ್ಲಬ್ಬಲ್ಲಾದ್ರೆ ಬೇಲಿ ದಾಟಿದ ಚೆಂಡು ಸತ್ತಂಗೆ. ಆಡೋನಿಗೆ ದಂಡ, ಕ್ಯಾಡಿಗೆ ಬೈಗುಳ. ನಮ್ಮಲ್ಲಿ ಹಂಗಲ್ಲ. ಕೊರಕಲಿನ ತನಕ ಚೆಂಡು ಆಟದಲ್ಲೇ ಇದೆ ಅಂತ ನಿಯಮ ಮಾಡ್ಸಿದ್ದು ಯಾರು ಅಂದ್ಕೊಂಡ್ರಿ? ಈ ಅವೆಲಿನೋ!"

ಅದು ನಿಜ. ಚೆಂಡು ಅಂಗಳಕ್ಕೆ ಬಿದ್ದರೆ ನಾವು ಹೆಂಗಸರು "ಆಟದಲ್ಲಿದೆ!" ಎಂದು ಕೂಗುತ್ತಿದ್ದೆವು. ಅವೆಲಿನೋ ನೆಲ ನೋಡುತ್ತಾ ಓಡಿಬರುತ್ತಿದ್ದ. ಹುಡುಕಿಕೊಟ್ಟವರಿಗೆ ಸಾಹುಕಾರರು ಬಕ್ಷೀಸು ಕೊಡುತ್ತಿದ್ದರು. ನನ್ನ ಮಗಳ ಮೊದಲ ಶೂ ಬಂದದ್ದು ಅದರಿಂದಲೇ.

"ಹಾಗಾದ್ರೆ ಮನೆಗಳಿರೋ ಜಾಗವೂ ಮೈದಾನವೇ?"

ಹಿಂದಿನಿಂದ ನೂಬಿಯಾ ಜೋರಾಗಿ ಕೆಮ್ಮಿದಳು. ನಾನೂ ಕೆಮ್ಮಿದೆ. ಇಡೀ ಓಣಿಗೇ ನೆಗಡಿ ಬಂದ ಹಾಗೆ ಕೆಮ್ಮಿದೆವು. ಅವನು ತಿರುಗಿ, ಮಾತಿಗೆ ಅಡ್ಡಬಂದೆವೆಂದು ಕಣ್ಣು ಕೆಕ್ಕರಿಸಿದ.

"ಮತ್ತೇನಮ್ಮ! ನನ್ನ ಅಡುಗೆಮನೇಲಿ, ಒಲೆ ಪಕ್ಕ ಚೆಂಡು ಬಿದ್ದಿತ್ತು. ಕರ್ನಲ್ ಸಾಹೇಬ್ರು ಒಳಗೆ ಬಂದು ಅಲ್ಲಿಂದಲೇ ಹೊಡೆದ್ರು! ನನ್ನ ಹೆಂಡ್ತಿ ಬಿಲ್ಲೆ ಮುಕ್ಕಾಯ್ತು. ಬೇಕಾದ್ರೆ ಬಂದು ನೋಡಿ."

ಕೋರ್ಟು ಘೊಳ್ಳೆಂದು ನಕ್ಕಿತು. ನ್ಯಾಯಾಧೀಶರೂ ನಕ್ಕರು, ನಗುತ್ತಲೇ ಬರೆದುಕೊಂಡರು. ಅವೆಲಿನೋ ಟೋಪಿ ತೆಗೆದು ನಮಸ್ಕರಿಸಿದ. ಮೂರ್ಖ, ಇನ್ನೂ ಚಪ್ಪಾಳೆಗೆ ಕಾಯುತ್ತಿದ್ದ!

ಮನೆಗಳಿರುವುದು ಮೈದಾನದ ಒಳಗೆ ಎಂದು ತೀರ್ಪು ಬಂತು. ಹಕ್ಕುಪತ್ರ ಇಲ್ಲ, ಪರಿಹಾರ ಇಲ್ಲ, ಖಾಲಿ ಮಾಡಿ.

ಅಂದಿನಿಂದ ಅವನ ಜೊತೆ ಯಾರೂ ಮಾತಾಡಲಿಲ್ಲ. ಅವನು ನಲ್ಲಿಗೆ ಬಂದರೆ ನಮ್ಮ ಕೊಡಗಳನ್ನು ಎತ್ತಿಕೊಂಡು ಹೊರಟುಬಿಡುತ್ತಿದ್ದೆವು. ನನ್ನ ಬಾಂಡಲೆಯ ಮುಂದೆ ನಿಂತು "ಅಕ್ಕಾ, ಎರಡು ಎಂಪನಾಡ ಕೊಡು" ಅಂದಾಗ, ಅವನ ಕಣ್ಣೆದುರೇ ಎರಡನ್ನು ಚರಂಡಿಗೆ ಹಾಕಿದೆ. ನೂಬಿಯಾ ಅವನಿಗೆ ಊಟ ಬಡಿಸುತ್ತಿದ್ದಳು, ಒಂದು ಮಾತಿಲ್ಲದೆ. ಎದುರಿಗೆ ತಟ್ಟೆ ಇಡುವ ಸದ್ದು ನಮ್ಮನೆಗೆ ಕೇಳುತ್ತಿತ್ತು.

ಬುಲ್ಡೋಜರ್ ಬಂದ ಬೆಳಿಗ್ಗೆ ಎಲ್ಲರೂ ಸಾಮಾನು ಬೀದಿಗೆ ತಂದಿದ್ದೆವು. ಅವನ ಮನೆ ಮೊದಲನೆಯದು. ಅವನು ಮಾತ್ರ ಆ ಟೋಪಿ ಹಾಕಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದ. ಪೊಲೀಸರು ಎಳೆದರೂ ಚೌಕಟ್ಟು ಬಿಡಲಿಲ್ಲ.

"ನೂಬಿಯಾ," ಎಂದ. ಕೆನ್ನೆ ಒದ್ದೆಯಾಗಿತ್ತು. "ನಿನ್ನ ನೆಲ ಕಣೇ... ನಾನು ಬೇಕು ಅಂತ ಮಾಡ್ಲಿಲ್ಲ. ಒಂದು ಮಾತಾದ್ರೂ ಆಡು. ಬೈಯೋದಾದ್ರೂ ಬೈಯಿ."

ನೂಬಿಯಾ ಹೊತ್ತು ತಂದಿದ್ದ ಒಲೆಯನ್ನು ಅಂಗಳದಲ್ಲಿ ನೆಲಕ್ಕಿಳಿಸಿದಳು. ಎರಡೂ ಕೈಯನ್ನು ಬಾಯಿಗೆ ಹಿಡಿದು, ಮೊದಲೆಲ್ಲ ಕೂಗುತ್ತಿದ್ದ ಹಾಗೆಯೇ ಉದ್ದಕ್ಕೆ ಎಳೆದು ಕೂಗಿದಳು.

"ಆಟದಲ್ಲಿದೇ!"

ಅವೆಲಿನೋ ಚೌಕಟ್ಟು ಬಿಟ್ಟ. ಜೀವಮಾನದ ಅಭ್ಯಾಸ, ಬಗ್ಗಿ ನೆಲ ನೋಡುತ್ತಾ ಅಂಗಳಕ್ಕೆ ಓಡಿದ. ಒಲೆಯ ಹಿಂದೆ, ಹೂಕುಂಡದ ಸಂದಿಯಲ್ಲಿ ಚೆಂಡು ಹುಡುಕಿದ.

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಾನೂ ಕೂಗಿದೆ, ಇಡೀ ಓಣಿಯೇ ಕೂಗಿತು. ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ, ಕರುಣೆ ಬೇಕಾದವರು ಚರ್ಚಿಗೆ ಹೋಗಲಿ.

ಅವನು ತಲೆ ಎತ್ತುವಷ್ಟರಲ್ಲಿ ಗೋಡೆ ಬಿದ್ದಾಗಿತ್ತು. ನೀಲಿ ಬಿಲ್ಲೆಗಳ ಮೇಲೆ ಬುಲ್ಡೋಜರ್ ಹತ್ತುತ್ತಿತ್ತು. ನೂಬಿಯಾ ಆಗಲೇ ಒಲೆ ಹೊತ್ತುಕೊಂಡು, ಅವನನ್ನು ಕರೆಯದೆ ರಸ್ತೆ ಕಡೆ ನಡೆದಿದ್ದಳು.