ಹಗ್ಗ ಹಿಡಿಯುವ ಕೈ

"ಅಂಗಿ ಬಿಚ್ಚೋಕೂ ಮುಹೂರ್ತ ನೋಡ್ತಿದ್ದೀಯೇನೋ, ಬೋಳಿಮಗನೆ? ಮೇಯರ್ ಬರೋ ಹೊತ್ತಾಯ್ತು, ಇಳಿಯೋ!"

ಮೇಸ್ತ್ರಿ ಕೂಗುತ್ತಲೇ ಇದ್ದ. ಹೊಸ ವಾಚನಾಲಯದ ಮುಂದೆ ಚರಂಡಿ ಉಕ್ಕಿ, ಉದ್ಘಾಟನೆಗೆ ಹಾಸಿದ್ದ ಕೆಂಪು ಜಮಖಾನದ ಅಂಚು ಕಪ್ಪಾಗಿತ್ತು. ಕೊಳೆ ಹೀರುವ ಗಾಡಿ ಕೆಟ್ಟು ನಿಂತಿತ್ತು. ಬೀದಿ ಗುಡಿಸುವ ಅಕ್ಕ ತಮ್ಮನ ಸೊಂಟಕ್ಕೆ ಹಗ್ಗ ಬಿಗಿಯುತ್ತಿದ್ದಳು. ಮುಚ್ಚಳ ತೆರೆದ ಚರಂಡಿ ಗುಂಡಿಯಿಂದ ಕೊಳೆತ ಮೊಟ್ಟೆಯ ನಾತ ಬರುತ್ತಿತ್ತು.

ಅವರ ಕೇರಿಯಲ್ಲಿ ಗುಂಡಿಗೆ ಇಳಿದವರ ಹಗ್ಗ ಹಿಡಿಯುವವರು ಒಡಹುಟ್ಟಿದವರೇ ಆಗಿರಬೇಕು. ಹಿಂದೆ ಅಪ್ಪ ಗುಂಡಿಯಲ್ಲಿದ್ದಾಗ ಮೇಲೆ ನಿಂತವನು ಸಿಗರೇಟು ಹಚ್ಚಲು ಹಗ್ಗ ಬಿಟ್ಟಿದ್ದ. ಅಪ್ಪ ಜೀವಂತ ಮೇಲೆ ಬರಲಿಲ್ಲ. ಅಂದಿನಿಂದ ಆ ಕಟ್ಟಳೆ. ಅದನ್ನೇ ಕೇಳಿ ಪಿಎಚ್.ಡಿ. ಪ್ರಬಂಧ ಬರೆದು ಕಾಲೇಜಿನ ಮೇಷ್ಟ್ರೊಬ್ಬರು ಡಾಕ್ಟರಾದರು. ಆಗೆಲ್ಲ ಅಕ್ಕನ ಮನೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಅವಳು ಕೊಟ್ಟ ಚಹಾ ಕುಡಿದು, "ನನ್ನನ್ನ ಅಣ್ಣ ಅಂದ್ಕೋಮ್ಮ" ಎನ್ನುತ್ತಿದ್ದರು. ಪುಸ್ತಕ ಬಂತು, ಬಹುಮಾನ ಬಂತು, ಚುನಾವಣೆಯೂ ಬಂತು. ಗೆದ್ದರೆ ಯಾರನ್ನೂ ಗುಂಡಿಗೆ ಇಳಿಸಲು ಬಿಡುವುದಿಲ್ಲ ಎಂದರು. ಅಕ್ಕ ಮನೆಮನೆಗೆ ಹೋಗಿ, "ನನ್ ಮುಖ ನೋಡಿ ವೋಟು ಹಾಕ್ರಿ" ಎಂದು ಕೇಳಿದ್ದಳು. ಈಗ ಅವರು ಪಾಲಿಕೆ ಸದಸ್ಯರು, ಚರಂಡಿ ಸಮಿತಿಯ ಅಧ್ಯಕ್ಷರು. ಮುಂದಿನ ಮೇಯರೂ ಅವರೇ ಎಂಬ ಮಾತಿತ್ತು.

ಅವರು ಗೆದ್ದ ಮೇಲೆಯೇ ಪಕ್ಕದ ಮನೆಯವಳ ಗಂಡ ಇಳಿದದ್ದು. ಹೆಣವಾಗಿ ಮೇಲೆ ಬಂದ. ಆಮೇಲೆ ನಲ್ಲಿಯ ಹತ್ತಿರ ಅಕ್ಕ ತಲೆ ಎತ್ತಿದ್ದೇ ಇಲ್ಲ.

"ಬಂದ್ರು ನೋಡೇ ನಿಮ್ಮಣ್ಣ," ಪೊರಕೆ ಹಿಡಿದಿದ್ದ ಪಕ್ಕದ ಮನೆಯವಳು ಅಂದಳು. "ಇಸ್ತ್ರಿ ಮುರೀದಂಗೆ ಹೆಂಗೆ ನಡೀತಾರೆ!"

ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮೇಷ್ಟ್ರು ಬಂದರು.

"ಮೇಷ್ಟ್ರೇ," ಅಕ್ಕ ಅಂದಳು, "ಒಳಗೆ ಗಾಳಿ ಕೆಟ್ಟಿದೆ. ಇಳಿಸ್ಬೇಡಿ. ನೀವೊಂದು ಮಾತಂದ್ರೆ ಸಾಕು."

"ಗೊತ್ತಮ್ಮ. ನಂಗೇನು ಕರುಳು ಚುರುಕ್ ಅನ್ನಲ್ವಾ? ಆದ್ರೆ ಇವತ್ತು... ಇದೊಂದು ಸಲ."

"ನನ್ ಗಂಡನೂ ಒಂದೇ ಸಲ ಸತ್ತಿದ್ದು, ಸ್ವಾಮಿ," ಪಕ್ಕದ ಮನೆಯವಳು ಅಂದಳು.

ಮೇಷ್ಟ್ರು ವಾಚನಾಲಯದ ಬೋರ್ಡು ನೋಡತೊಡಗಿದರು.

ಅಕ್ಕ ತಮ್ಮನ ಸೊಂಟದ ಗಂಟು ಬಿಚ್ಚಿ, ಹಗ್ಗವನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡಳು.

"ಅಕ್ಕಾ, ಹುಚ್ಚೇನೆ ನಿಂಗೆ?"

"ಸುಮ್ನಿರೋ. ವೋಟು ಕೇಳಿದ್ ಬಾಯಿ ನಂದು. ನಾನೇ ಇಳೀತೀನಿ."

"ಹೆಂಗಸು ಇಳಿದ್ರೆ ಪೇಪರ್ನೋರು ನಮ್ಮನ್ನ ಉಳಿಸ್ತಾರೇನ್ರೋ? ಎಳೀರೋ ಆ ಮುಂಡೇನ!" ಮೇಸ್ತ್ರಿ ಅರಚಿದ. ಯಾರೂ ಅಲುಗಲಿಲ್ಲ. ಗುಡಿಸುತ್ತಿದ್ದವರೆಲ್ಲ ಪೊರಕೆ ಕೆಳಗಿಟ್ಟರು.

ಅಕ್ಕ ಗುಂಡಿಯ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟಳು. ಹಗ್ಗದ ತುದಿಯನ್ನು ಮೇಷ್ಟ್ರ ಬಲ ಅಂಗೈಗಿಟ್ಟು, ಅವರ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

"ಅಣ್ಣ ಅಂದ್ಕೋ ಅಂದಿದ್ರಲ್ಲ. ಹಿಡೀರಿ."

"ಬೇಡಮ್ಮ, ನಂಗೆ ಅಭ್ಯಾಸ ಇಲ್ಲ..."

ಹಗ್ಗಕ್ಕೆ ಕೈ ಹಾಕಲು ಬಂದ ತಮ್ಮನನ್ನು ಪಕ್ಕದ ಮನೆಯವಳು ರಟ್ಟೆ ಹಿಡಿದು ನಿಲ್ಲಿಸಿದಳು. "ಅವ್ರೇ ಹಿಡೀಲಿ ಬಿಡು."

ಅಕ್ಕ ಇಳಿದಳು. ಹಗ್ಗ ಬಿಗಿಯಾಯಿತು. ಮೇಷ್ಟ್ರ ಬಿಳಿ ತೋಳಿಗೆ ಕೆಸರು ಹತ್ತಿತು.

ಅಷ್ಟರಲ್ಲಿ ಮೇಯರ್ ಕಾರು ಬಂದು ನಿಂತಿತು. ಕ್ಯಾಮೆರಾಗಳು ತಿರುಗಿದವು. ಮೇಯರ್ ಇಳಿದು, ನಗುತ್ತ, ಮೇಷ್ಟ್ರ ಕಡೆಗೆ ಬಲಗೈ ಚಾಚಿದರು.

ಕುತ್ತಿಗೆಯವರೆಗೆ ಗುಂಡಿಯೊಳಗಿದ್ದ ಅಕ್ಕ ಮೇಲೆ ನೋಡುತ್ತಿದ್ದಳು. ಹಗ್ಗದ ಸುತ್ತ ಮೇಷ್ಟ್ರ ಕಿರುಬೆರಳು ಸಡಿಲವಾಯಿತು.