ನಕ್ಷೆಗೆ ಕಾಣದ ದೋಣಿ

ಈಚೀಚೆಗೆ ಬುಟ್ಟಿ ತುಂಬುತ್ತದೆ, ಆದರೆ ತುಂಬುವುದು ಮೀನಲ್ಲ, ಮೀನಿನ ಮರಿ. ಹರಾಜು ಕಟ್ಟೆಯ ಮೇಲೆ ಸುರಿದ ಕೂಡಲೇ ದಲ್ಲಾಳಿ ಮುಖ ಆಚೆ ತಿರುಗಿಸುತ್ತಾನೆ. ನಿಮ್ಮ ಬಂದರಿನಲ್ಲೂ ಹೀಗೇ ಇರಬೇಕು.

ನಮ್ಮ ಬಂದರಿನಲ್ಲಿ ಬಾಯಿಬೀಗ ಎಂದು ಎಲ್ಲರೂ ಕರೆಯುವ ಒಬ್ಬನಿಗೆ ಮಾತ್ರ ಇನ್ನೂ ಮೊಳದುದ್ದದ ಮೀನು ಸಿಗುತ್ತಿತ್ತು. ಒಂಟಿ ಆಳು, ಚಿಕ್ಕ ದೋಣಿ, ಗಾಳದ ಹಗ್ಗ. ಎಲ್ಲಿ ಹಿಡಿದೆಯೋ ಎಂದು ಕೇಳಿದರೆ "ನೀರಲ್ಲಿ" ಎನ್ನುವನು. ಹಾಗಾಗಿಯೇ ಆ ಹೆಸರು ಬಿದ್ದದ್ದು. ಕಡಲಡಿಯ ಬಂಡೆಯೊಂದನ್ನು ಅವನ ಅಪ್ಪ ಗುರುತು ಹೇಳಿ ಕೊಟ್ಟುಹೋಗಿದ್ದ. ಮನೆಯ ಒಲೆ ಉರಿಯುತ್ತಿದ್ದದ್ದು ಆ ಬಂಡೆಯಿಂದ. ಅದೆಲ್ಲಿದೆ ಎಂದು ಹೆಂಡತಿಗೂ ಅವನು ಹೇಳಿರಲಿಲ್ಲ.

ಕಡಲ ಸರ್ವೆಯವರು ಬಂದರು. ಕೆಲವು ಜಾಗಗಳಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಬೇಕು, ಅಲ್ಲಿ ಮೀನು ಬೆಳೆಯಬೇಕು. ಯಾವ ಜಾಗಗಳು ಎಂದು ಎಲ್ಲರನ್ನೂ ಕೇಳಿ ಗೊತ್ತುಮಾಡುತ್ತೇವೆ ಎಂದರು. ಆ ತಂಡದಲ್ಲಿ ಬಾಯಿಬೀಗನ ನಾದಿನಿಯೂ ಇದ್ದಳು, ಹೆಂಡತಿಯ ಒಡಹುಟ್ಟಿದ ತಂಗಿ. ಐಸ್ ಫ್ಯಾಕ್ಟರಿಯ ಮಹಡಿಯಲ್ಲಿ ಮೇಜಿನಗಲ ನಕ್ಷೆ ಹಾಸಿ, ಕೆಂಪು ಪೆನ್ಸಿಲ್ ಇಟ್ಟು, "ನೀವು ಹಿಡಿಯೋ ಜಾಗಕ್ಕೆ ಬಣ್ಣ ಹಚ್ಚಿ" ಎಂದಳು. ಟ್ರಾಲರ್ ಮಾಲೀಕರು ಸಂಘ ಕಟ್ಟಿಕೊಂಡು ಬಂದು, ತಾವು ದೊಡ್ಡ ಬಲೆ ಎಳೆಯುವ ಕಡಲನ್ನೆಲ್ಲ ಕೆಂಪು ಮಾಡಿ ಹೋದರು. ಸಣ್ಣ ದೋಣಿಯವರು ಮಹಡಿ ಹತ್ತಲೇ ಇಲ್ಲ. ನಾದಿನಿಯ ಕಾಟಕ್ಕೆ ಹತ್ತಿದ ಬಾಯಿಬೀಗ ಏಡಿಯೂ ಸಿಗದ ಬರೀ ಮರಳಿಗೆ ಬಣ್ಣ ಬಳಿದು, ದಾರಿಯುದ್ದಕ್ಕೂ ನಗುತ್ತ ಮನೆಗೆ ಬಂದ.

"ನನ್ನ ತಂಗೀಗೂ ಸುಳ್ಳು ಹೇಳಿದ್ರಾ?" ಎಂದಳು ಹೆಂಡತಿ.

"ನಿಂಗೇ ಹೇಳಿಲ್ಲ, ಇನ್ನು ಅವಳ್ಯಾವ ಲೆಕ್ಕ. ಬಾಯಿಬಿಟ್ರೆ ನಾಳೆ ಇಡೀ ಬಂದರು ನನ್ನ ಬಂಡೆ ಮೇಲೆ ಕೂತಿರ್ತದೆ."

ಕೆಲ ತಿಂಗಳ ಮೇಲೆ ಹರಾಜು ಕಟ್ಟೆಯ ಗೋಡೆಗೆ ಕರಡು ನಕ್ಷೆ ಅಂಟಿಸಿದರು. ಮುಚ್ಚಬೇಕಾದ ಜಾಗಗಳಿಗೆಲ್ಲ ಹಸಿರು ಬಣ್ಣ. ಬಾಯಿಬೀಗ ನೋಡಿದ, ನೋಡುತ್ತಲೇ ನಿಂತ. ಹೆಂಡತಿ ಗಂಡನ ಮುಖವನ್ನೂ ಅವನ ಕಣ್ಣು ನೆಟ್ಟ ಹಸಿರನ್ನೂ ನೋಡಿದಳು.

"ಓ, ಅಲ್ಲಿದೆಯಾ ನಿಮ್ಮ ಬಂಡೆ. ಮದುವೆಯಾಗಿ ಇಷ್ಟು ಕಾಲಕ್ಕೆ ಅಂತೂ ಗೊತ್ತಾಯ್ತು" ಎಂದಳು. ಆಮೇಲೆ ಅವಳ ದನಿ ಇಳಿಯಿತು. "ರೀ, ಅದು ಹೋದ್ರೆ ನಾವೇನು ಮಾಡೋದು?"

ಇಬ್ಬರೂ ಬಿರಬಿರನೆ ಮಹಡಿ ಹತ್ತಿದರು.

"ಏನಮ್ಮಾ, ನನ್ನ ಜಾಗಾನೇ ಕಣ್ಣಿಗೆ ಬಿತ್ತಾ? ಟ್ರಾಲರ್‌ನವರ ಹತ್ರ ಎಷ್ಟು ತಿಂದ್ರಿ?"

"ಯಾರ ಹತ್ರಾನೂ ತಿಂದಿಲ್ಲ ಭಾವ" ಎಂದಳು ನಾದಿನಿ. "ನಿಮ್ಮ ಮಾತು ನಂಬಿದ್ವಿ, ಅದೇ ತಪ್ಪು. ಕೂತ್ಕೊಳ್ಳಿ, ಮೊದಲು ನೀರು ಕುಡೀರಿ."

ಅವಳು ಕಂಪ್ಯೂಟರ್ ತೆರೆದಳು. ಕಡಲನ್ನು ಅದು ಸಣ್ಣ ಸಣ್ಣ ಚೌಕಗಳಾಗಿ ಹೋಳು ಮಾಡಿತ್ತು. "ನಾವು ಇದಕ್ಕೆ ಎರಡು ವಿಷಯ ಹೇಳ್ತೀವಿ. ಯಾವ ಚೌಕದಲ್ಲಿ ಏನೇನು ಬದುಕ್ತಿದೆ ಅನ್ನೋದೊಂದು. ಅದನ್ನ ಮುಚ್ಚಿದ್ರೆ ಯಾರ ಹೊಟ್ಟೆಗೆ ಎಷ್ಟು ಪೆಟ್ಟು ಅನ್ನೋದಿನ್ನೊಂದು. ಎಲ್ಲ ಜೀವಕ್ಕೂ ಜಾಗ ಸಿಗಬೇಕು, ಪೆಟ್ಟು ಆದಷ್ಟು ಕಮ್ಮಿ ಬೀಳಬೇಕು. ಅಂಥ ಚೌಕಗಳನ್ನ ಅದು ಹುಡುಕ್ತದೆ. ನಿಮ್ಮ ಚೌಕದಲ್ಲಿ ಬಂಡೆ ಇದೆ, ಹವಳ ಇದೆ, ಮೀನು ಮೊಟ್ಟೆ ಇಡ್ತದೆ. ಹಿಡಿಯೋರು ಮಾತ್ರ ಯಾರೂ ಇಲ್ಲ ಅಂತ ಇದೆ. ಅದಕ್ಕೆ ಇನ್ನೆಂಥ ಜಾಗ ಬೇಕು, ಹೇಳಿ."

ಓದುವವರೇ, ಇಲ್ಲಿ ಸ್ವಲ್ಪ ನಿಲ್ಲಿ. ದೊಡ್ಡ ಬಲೆಯವನು ಮಹಡಿ ಹತ್ತಿ ತನ್ನ ಕಡಲನ್ನು ಹೇಳಿಕೊಂಡ. ಉಳಿಸಿಕೊಂಡ. ಸಣ್ಣ ದೋಣಿಯವನು ಸುಮ್ಮನಿದ್ದ, ಕಡಲು ಖಾಲಿ ಎಂದಾಯಿತು. ನಮ್ಮನ್ನು ಲೆಕ್ಕಕ್ಕೇ ಹಿಡಿಯದೆ ಬಿಡಿಸಿದ ನಕ್ಷೆಗಳು ಈ ಲೋಕದಲ್ಲಿ ಬೇಕಾದಷ್ಟಿವೆ. ಈ ಸಲ ಕರೆದಿದ್ದರು. ನಾವೇ ಹೋಗಲಿಲ್ಲ.

ಬಾಯಿಬೀಗ ಎದ್ದು ನಿಂತ. "ಮೊಟ್ಟೆ ಇಡ್ತದೆ ಅಂತ ನಿಂಗೆ ಹೇಗೆ ಗೊತ್ತು? ನೀರೊಳಗೆ ಇಳಿದು ಎಣಿಸಿದ್ಯಾ?"

"ಇಳಿದಿದ್ದೆ" ಎಂದಳು ಅವಳು. ಕಿಟಕಿ ಮುಚ್ಚಿ ಗೋಡೆಯ ಮೇಲೆ ಚಿತ್ರ ಬಿಟ್ಟಳು.

ಕಡಲಿನ ನೀರನ್ನು ಯಾರೋ ಹೊದಿಕೆ ತೆಗೆದಂತೆ ಎತ್ತಿಟ್ಟಿದ್ದರು. ಹಡಗಿನಿಂದ ಸದ್ದು ಕಳಿಸಿ, ತಳಕ್ಕೆ ಬಡಿದು ಬಂದ ಮಾರ್ದನಿಯನ್ನು ಅಳೆದು ಬಿಡಿಸಿದ ಚಿತ್ರವದು. ಕಣಿವೆಗಳಿದ್ದವು. ಉದ್ದಾನುದ್ದ ಇಳಿಜಾರುಗಳಿದ್ದವು. ನಡುವೆ ತಲೆಯೆತ್ತಿ ಕುಳಿತ ಗುಡ್ಡವೊಂದಿತ್ತು. ಅದರ ಮೇಲೆ ಹಗ್ಗ ಇಳಿಬಿಟ್ಟೇ ಅವನು ಬದುಕಿದ್ದ, ಅವನ ಅಪ್ಪ ಬದುಕಿದ್ದ. ಅದರ ಮುಖ ನೋಡಿದ್ದು ಮಾತ್ರ ಅಂದೇ ಮೊದಲು.

"ಇಷ್ಟು ದೊಡ್ಡದಾ" ಎಂದ, ತನಗೆ ತಾನೇ.

ನಾದಿನಿ ಒಂದು ಗುಂಡಿ ಒತ್ತಿದಳು. ಗುಡ್ಡದ ಬಡಗಣ ಮಗ್ಗುಲಿನಿಂದ ಹೊಳೆವ ಕಾಳುಗಳು ಎದ್ದವು. ಮೊಟ್ಟೆ, ಮರಿಗಳ ಗುರುತು ಅವು, ಸೆಳವು ಒಯ್ದ ಕಡೆಗೆ ಹೊರಟವು. ಒಂದಿಷ್ಟು ದಾರಿಯಲ್ಲೇ ನಂದಿಹೋದವು. ಉಳಿದವು ಹೊಳೆ ಸೇರುವ ಕಡೆಯ ಕಡಲಹುಲ್ಲಿನಲ್ಲಿ ತಂಗಿ, ದಾಟಿ, ಹೆಸರು ಗೊತ್ತಿಲ್ಲದ ಬಂದರುಗಳ ಬಂಡೆಗಳಿಗೆ ಹೋಗಿ ಅಂಟಿದವು. ಅತ್ತ ತೆಂಕಣದಿಂದ ಬೇರೆ ಕಾಳುಗಳು ತೇಲಿಬಂದು ಇವನ ಬಂಡೆಯನ್ನು ಸೇರಿದವು. ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನೋಡುತ್ತಿದ್ದಳು.

"ಒಂದೇ ಕಡೆ ದೊಡ್ಡದಾಗಿ ಮುಚ್ಚಿದ್ರೆ ಸಾಲದು ಭಾವ. ಮೊಟ್ಟೆ ತೇಲಿ ಮುಟ್ಟೋ ದೂರದಲ್ಲಿ ಇನ್ನೊಂದು ಆಸರೆ ಬೇಕು. ಅದರಾಚೆ ಮತ್ತೊಂದು."

"ಬೇರೆಯವರ ಬಂಡೆ ಕೆಟ್ರೆ ನಂಗೂ ಮೀನಿಲ್ಲ ಅನ್ನು."

"ಹೌದು."

ಅವನು ಪೆನ್ಸಿಲ್ ಕೇಳಿದ. ಕೈ ಒಮ್ಮೆ ನಿಂತಿತು. "ಎಲ್ಲರಿಗೂ ಕಾಣ್ತದಾ?"

"ಯಾರ ಹೆಸರೂ ಇರಲ್ಲ. ಎಲ್ಲರ ಬಣ್ಣ ಬೆರೆತು ಒಂದೇ ನಕ್ಷೆ."

ಅವನು ಬಂಡೆಗೆ ಬಣ್ಣ ಹಚ್ಚಿದ. ನಾದಿನಿ ಲೆಕ್ಕವನ್ನು ಹೊಸದಾಗಿ ಓಡಿಸಿದಳು, ಮತ್ತೆ ಮತ್ತೆ ಓಡಿಸಿದಳು. ತೆಂಕಣ ಮಗ್ಗುಲಿನ ಹಸಿರು ಕರಗಿ, ಟ್ರಾಲರ್‌ನವರ ಬಲೆ ಬೀಳುವ ಇಳಿಜಾರಿನ ಕಡೆ ಸರಿಯಿತು. ಬಡಗಣ ಮಗ್ಗುಲಿನದು ಮಾತ್ರ ಪ್ರತಿ ಸಲವೂ ಅಲ್ಲೇ ಉಳಿಯಿತು.

"ಇದಕ್ಕೆ ಬದಲಿ ಜಾಗ ಸಿಕ್ತಾ ಇಲ್ಲ" ಎಂದಳು.

"ಅರ್ಧ ಹೋಯ್ತಲ್ಲ ಹಾಗಾದ್ರೆ" ಎಂದಳು ಹೆಂಡತಿ.

"ಹೋಗಿಲ್ಲ ಕಣೇ. ಮೊಟ್ಟೆ ಏಳೋದು ಆ ಕಡೆಯಿಂದ, ನೋಡಿದ್ಯಲ್ಲ. ಅದಿದ್ರೆ ಇದೂ ಇರ್ತದೆ." ಬಾಯಿಬೀಗ ನಾದಿನಿಯ ಕಡೆ ತಿರುಗಿದ. "ಅಲ್ಲಿಗೆ ಟ್ರಾಲರ್ ಬಂದ್ರೆ?"

"ಅವರಿಗೂ ಬಾಗಿಲು ಮುಚ್ಚಿರ್ತದೆ. ಅಂತಿಮ ನಕ್ಷೆಯಲ್ಲಿ ಅದು ಹಾಗೇ ಉಳಿಯಬೇಕಂದ್ರೆ ಆಕ್ಷೇಪಣೆ ಸಭೆಗೆ ಸಣ್ಣ ದೋಣಿಯವರೆಲ್ಲ ಬರಬೇಕು. ಆಮೇಲೆ ಕಾಯೋರೂ ನೀವೇ."

ಮರುದಿನ ಬಾಯಿಬೀಗ ದೋಣಿ ಇಳಿಸಲಿಲ್ಲ. ದಂಡೆಯ ಮೇಲೆ ಒಬ್ಬೊಬ್ಬರ ಬಲೆಯ ಬಳಿ ಕೂತು ಮಾತಾಡಿದ. ಅವನು ಮಾತಾಡುತ್ತಾನೆ ಎಂಬ ಸೋಜಿಗಕ್ಕೇ ಅರ್ಧ ಜನ ಸಭೆಗೆ ಬಂದರು.

ಅಣ್ಣಂದಿರೇ, ಅಕ್ಕಂದಿರೇ, ಕಡಲನ್ನು ಕಾಯುವ ನಕ್ಷೆ ನಿಮ್ಮ ಬಂದರಿಗೂ ಬರಬಹುದು. ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳಿ. ಬಂದಾಗ ಗಾಳ ಹಾಕುವವರು, ಚಿಪ್ಪು ಆರಿಸುವವರು, ಏಡಿ ಹಿಡಿಯುವವರು ಎಲ್ಲರೂ ಹೋಗಿ. ನಿಜವಾದ ಜಾಗವನ್ನೇ ತೋರಿಸಿ. ಕರಡು ನಕ್ಷೆಯನ್ನು ನೋಡಿ, ತಪ್ಪಿದ್ದರೆ ಜಗಳ ಆಡಿ. ಮೀನಿಗೆ ಉಳಿಯಲು ಜಾಗ ಬೇಕು, ನಮಗೂ ಬೇಕು. ಆ ಎರಡನ್ನೂ ಒಂದೇ ನಕ್ಷೆಯಲ್ಲಿ ಹೊಂದಿಸಬಹುದು, ನೀವು ಅಲ್ಲಿದ್ದರೆ.