ಓಕ್ ಮರದಡಿಯ ಅನೆಮನಿ

ಶರ್ಮಿಳಾ ಕತ್ತರಿ ಹಿಡಿದು ಓಕ್ ಮರದಡಿಯ ಬಿಳಿ ಹೂಗಳತ್ತ ಬಗ್ಗುವಷ್ಟರಲ್ಲಿ ಸ್ಪಂದನಾ ಹಿತ್ತಲ ಬಾಗಿಲಿನಿಂದ ಕೂಗಿದಳು.

"ಆಂಟಿ, ಅದನ್ನ ಕೀಳ್ಬೇಡಿ! ಅಮ್ಮ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ."

"ಮುತ್ತೈದೆ ಕಣೇ ನಿಮ್ಮಮ್ಮ. ಬರೀ ತಲೇಲಿ ಕಳಿಸೋಕಾಗುತ್ತಾ?"

"ಲಿಲ್ಲಿ ತಂದಿದೀನಲ್ಲ, ಅಂಗಡಿಯಿಂದ."

"ಅದನ್ನ ಮುಡಿಸಿದ್ರೆ ತಲೆಗೆ ಮೈಕ್ ಕಟ್ಟಿದ ಹಾಗಿರುತ್ತೆ. ಅನಸೂಯಕ್ಕ ಎದ್ದು ಕೂತು ನಗ್ತಾಳೆ."

ಒಳಗೆ ನಡುಮನೆಯಲ್ಲಿ ಅನಸೂಯ ಹಸಿರು ಸೀರೆಯಲ್ಲಿ ಮಲಗಿದ್ದಳು. ಹದಿನೆಂಟು ವರ್ಷ ಐರ್ಲೆಂಡಿನ ಈ ಸ್ಲೈಗೋ ಊರಿನ ಆಸ್ಪತ್ರೆಯಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಒಗೆದ ಕೈಗಳಿಗೆ ಅರಿಶಿನ ಹಚ್ಚಿದ್ದರು. ಹನ್ನೊಂದಕ್ಕೆ ಶವಪೆಟ್ಟಿಗೆಯ ಮುಚ್ಚಳ ಹಾಕುತ್ತಾರೆ. ಹೂವಿನ ಮಾತು ತೆಗೆದವನು ಗಂಡ ಪುಟ್ಟಣ್ಣನೇ. ಬೆಳಿಗ್ಗೆಯಿಂದ ಅವನು ಕೇಳಿದ್ದು ಅದೊಂದೇ: ಅವಳು ಹೂವಿಲ್ಲದೆ ಹೋಗಬಾರದು.

*

ಹನ್ನೆರಡು ವರ್ಷದ ಹಿಂದೆ, ಒಂದು ಅಕ್ಟೋಬರಿನಲ್ಲಿ, ಅನಸೂಯ ಅನೆಮನಿ ಎಂಬ ಇಲ್ಲಿನ ಕಾಡುಹೂವಿನ ಗೆಡ್ಡೆಗಳನ್ನು ನೀರಲ್ಲಿ ನೆನೆಸಿ, ಮರದ ನೆರಳಲ್ಲಿ ಅಡ್ಡಡ್ಡ ಮಲಗಿಸಿ, ಮಗುವಿಗೆ ಕಂಬಳಿ ಹೊದಿಸುವಂತೆ ಕೊಳೆತ ಎಲೆ ಹೊದಿಸಿದ್ದಳು. ನೋಡಿದರೆ ಬರೀ ಒಣಕಡ್ಡಿ. ಮಾರನೆಯ ಬೆಳಿಗ್ಗೆ ಪುಟ್ಟಣ್ಣ ಅಂಗಳ ಗುಡಿಸುವ ಹಳೆಯ ಅಭ್ಯಾಸದಲ್ಲಿ ಎಲೆ, ಕಡ್ಡಿ ಎಲ್ಲವನ್ನೂ ಕೆರೆದು ಕಸದ ತೊಟ್ಟಿಗೆ ತುಂಬಿದ.

"ಹೆಂಗೆ ಮಾಡಿದೀನಿ ನೋಡು, ಕನ್ನಡಿ ಥರ!" ಎಂದು ಬೀಗಿದ.

ಅವಳು ತೊಟ್ಟಿ ಬೋರಲು ಹಾಕಿದಳು. ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಮಧ್ಯಾಹ್ನದವರೆಗೆ ಆರಿಸಿದಳು. ಒಂಬತ್ತು ಸಿಕ್ಕವು. ಎರಡು ದಿನ ಅವನೊಡನೆ ಮಾತಾಡಲಿಲ್ಲ.

ಮೂರನೆಯ ವಸಂತಕ್ಕೆ ಬಿಳಿ ಹೂವು ಬಂತು. ತಪ್ಪು ತೀರಿಸುವ ಅವಸರದಲ್ಲಿ ಅವನು ಒಂದನ್ನು ಕಿತ್ತು ಅವಳ ಜಡೆಗೆ ಸಿಕ್ಕಿಸಿದ. ಕಾಫಿ ಆರುವ ಮೊದಲೇ ಅದು ಬಾಡಿ ಜೋತುಬಿತ್ತು.

"ಮುಡಿಯೋ ಹೂವಲ್ಲ ರೀ ಇದು. ಇದ್ದಲ್ಲಿ ಇರ್ಲಿ ಬಿಡಿ."

*

ಪುಟ್ಟಣ್ಣ ಹಿತ್ತಲಿಗೆ ಬಂದ. ಆ ಒಂಬತ್ತೇ ಈಗ ಮರದ ಸುತ್ತ ಹಬ್ಬಿ, ಹಿಂದಿನ ಗೇಟಿನವರೆಗೆ ಬೆಳ್ಳಗೆ ಅರಳಿದ್ದವು.

"ನಾಲ್ಕೇ ಕಣಣ್ಣ," ಎಂದಳು ಶರ್ಮಿಳಾ. "ಗೊತ್ತೂ ಆಗಲ್ಲ."

ಅವನು ಅವಳ ಕೈಯಿಂದ ಕತ್ತರಿ ತೆಗೆದುಕೊಂಡ. ಕುಕ್ಕರಗಾಲಲ್ಲಿ ಕೂತ. ಒಂದು ಹೂವಿನ ತೊಟ್ಟಿಗೆ ಕತ್ತರಿಯ ಬಾಯಿ ತಾಗಿಸಿ ಬಹಳ ಹೊತ್ತು ಹಾಗೇ ಇದ್ದ. ಕೊನೆಗೆ ಕತ್ತರಿ ಮಡಚಿ ಜೇಬಿಗಿಳಿಸಿದ.

"ಸ್ಪಂದನಾ, ಪೆಟ್ಟಿಗೆ ಹೊರೋರನ್ನ ಕೇಳು. ಮುಂಬಾಗಿಲು ಬೇಡ, ಈ ಹೂವಿನ ಮಧ್ಯದಿಂದ ಹೊತ್ಕೊಂಡು ಹೋಗ್ತಾರಾ?"

"ಇಲ್ಲಿ ದಾರಿನೇ ಇಲ್ವಲ್ಲಪ್ಪ."

"ಕೇಳು."

ಪೆಟ್ಟಿಗೆ ಹೊರುವವರ ಯಜಮಾನ, ಕಪ್ಪು ಕೋಟಿನ ಮುದುಕ, ಬಂದು ಮರ ನೋಡಿದ, ಗೇಟು ನೋಡಿದ, ಪುಟ್ಟಣ್ಣನ ಮುಖ ನೋಡಿದ. "ಗ್ರ್ಯಾಂಡ್," ಎಂದ, ಇಲ್ಲಿಯವರು 'ಆಗಲಿ' ಅನ್ನುವ ಹಾಗೆ.

ಹನ್ನೊಂದೂವರೆಗೆ ನಾಲ್ವರು ದಪ್ಪ ಗಂಡಸರು ಹೆಗಲ ಮೇಲೆ ಪೆಟ್ಟಿಗೆ ಹೊತ್ತು, ಮಿರಿಮಿರಿ ಬೂಟುಗಳಲ್ಲಿ, ಕೊಕ್ಕರೆಗಳಂತೆ ಒಂದೊಂದೇ ಕಾಲೆತ್ತಿ ಓಕ್ ಮರದಡಿ ನಿಂತಿದ್ದರು. ಅವರ ಮುಂದೆ ಪುಟ್ಟಣ್ಣ ಮಂಡಿಯೂರಿ, ಎರಡೂ ಕೈಯಿಂದ ಹೂಗಳನ್ನು ಮೆಲ್ಲಗೆ ಸರಿಸುತ್ತ, ಮುಂದಿನ ಬೂಟಿಗೆ ಒಂದು ಅಂಗೈಯಗಲ ಮಣ್ಣು ತೋರಿಸುತ್ತಿದ್ದ.